ಹಂದರ ಕಲಿತ ನಡಿಗೆ

ಹಂದರಕ್ಕೆ ಕಣ್ಣಿರಲಿಲ್ಲ. ಒತ್ತಿದರೆ ಅದಕ್ಕೆ ಗೊತ್ತಾಗುತ್ತಿತ್ತು, ಅಷ್ಟೇ.

ಹುಬ್ಬಳ್ಳಿಯ ಎಲುಬು ಕೇಂದ್ರದಲ್ಲಿ ಅದನ್ನು ಮೊದಲು ತಯಾರಿಸಿದಾಗ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಬಳ್ಳಿ ಹಬ್ಬಲಿ ಎಂದು ಹಾಕುವ ಹಂದರದಂತೆ ಇದು ಎಲುಬು ಹಬ್ಬಲಿ ಎಂದು ಹಾಕುವುದು ಅಂತ ಯಾರೋ ರೋಗಿಗೆ ವಿವರಿಸಿದರು, ಆಮೇಲೆ ಎಲ್ಲರ ಬಾಯಲ್ಲೂ ಅದೇ ಉಳಿಯಿತು. ರೇಷ್ಮೆ ಎಳೆಯಿಂದ ತೆಗೆದ ಪ್ರೋಟೀನು, ಅದರ ಮೇಲೆ ಸುಣ್ಣದ ಲವಣದ ತೆಳು ಲೇಪ. ಕೈಯಲ್ಲಿ ಹಿಡಿದರೆ ಒಣಗಿದ ಸ್ಪಂಜಿನ ತುಂಡು. ಕೀವಾಗಿಯೋ ಗಡ್ಡೆಯಾಗಿಯೋ ಎಲುಬಿನ ಒಂದು ಭಾಗವನ್ನೇ ಕತ್ತರಿಸಿ ತೆಗೆದಾಗ, ಆ ಖಾಲಿ ಜಾಗದಲ್ಲಿ ಇದನ್ನು ಕೂರಿಸಿ, ರೋಗಿಯದೇ ಮಜ್ಜೆಯ ಜೀವಕೋಶಗಳನ್ನು ಅದರ ತೂತುಗಳಲ್ಲಿ ಬಿತ್ತುತ್ತಿದ್ದರು. ಹೊರಗಿನಿಂದ ಕಾಲಿಗೆ ಉಕ್ಕಿನ ಚೌಕಟ್ಟು. ಕಾಲು ನೆಲಕ್ಕೆ ಊರಿದಾಗಲೆಲ್ಲ ರೇಷ್ಮೆ ಎಳೆ ಒತ್ತಿಕೊಂಡು ಚೂರೇ ಚೂರು ವಿದ್ಯುತ್ತು ಹುಟ್ಟುತ್ತಿತ್ತು. ಆ ಚುರುಕಿಗೆ ಕೋಶಗಳು ಎಚ್ಚೆತ್ತು ಅಲ್ಲಿ ಎಲುಬು ಕಟ್ಟುತ್ತಿದ್ದವು. ಒತ್ತಡ ಬೀಳದ ಕಡೆ ಹಂದರ ತನ್ನ ಪಾಡಿಗೆ ತಾನು ಕರಗಿ ರಕ್ತದಲ್ಲಿ ಹೋಗುತ್ತಿತ್ತು. ಯಾರಿಗಾಗಿಯೂ ಕಾಯುತ್ತಿರಲಿಲ್ಲ.

ಹಂದರದ ನಡುವೆ ಸಾಸಿವೆಗಿಂತ ಸಣ್ಣ ಕಣವೊಂದು ಕೂತು, ಎಷ್ಟು ಸಲ ಒತ್ತಡ ಬಿತ್ತೆಂದು ಎಣಿಸಿ, ಕಾಲಿಗೆ ಕಟ್ಟಿದ ಪಟ್ಟಿಯ ಮೂಲಕ ಮನೆಯ ಮೊಬೈಲಿಗೂ ಕೇಂದ್ರಕ್ಕೂ ಕಳಿಸುತ್ತಿತ್ತು. ಸಾಕಷ್ಟಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಒತ್ತಡ ಯಾವ ದಿಕ್ಕಿನಿಂದ ಬಂತೆಂದು ಹೇಳುವ ಕಣವೂ ಮೊದಲ ಮಾದರಿಯಲ್ಲಿತ್ತು. ಅದು ದಪ್ಪವಾಯಿತು, ಬೆಳೆಯುವ ಎಲುಬಿಗೆ ಅಡ್ಡ ಬಂತು ಎಂದು ಕೈಬಿಟ್ಟರು. ಕಾಲಿನ ಮೇಲೆ ಭಾರ ಮೇಲಿಂದಲ್ಲದೆ ಇನ್ನೆಲ್ಲಿಂದ ಬಿದ್ದೀತು?

ಅನಸೂಯಾ ಕಟಗೇರಿ ಕೂರುತ್ತಿದ್ದ ಕೋಣೆಯ ಗೋಡೆಯ ತುಂಬ ಪರದೆಗಳು. ಊರೂರಿನ ಕಾಲುಗಳು ಅಲ್ಲಿ ಗೆರೆಗಳಾಗಿ ಓಡುತ್ತಿದ್ದವು. ಕೆಂಪು ಬಂದವರಿಗೆ ಫೋನು ಮಾಡಿ ನಡೆಯಿರಿ ಎಂದು ಹೇಳುವುದು ಅವಳ ಕೆಲಸ. ಅವರು ನೋವೆಂದು ಅಳುತ್ತಿದ್ದರು. ಅವಳು ಕಲಿತ ಮಾತನ್ನೇ ಹೇಳುತ್ತಿದ್ದಳು. ಮನೆಗೆ ಹೋದಮೇಲೂ ಆ ದನಿಗಳು ಕಿವಿಯಲ್ಲಿ ಉಳಿದು, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮರೆತುಹೋಗುತ್ತಿತ್ತು.

ಗುಳೇದಗುಡ್ಡದ ದಾನೇಶ್ವರಿಯ ಗೆರೆ ಮಾತ್ರ ನೋಡಲು ಚೆಂದ. ಒಂದೇ ಎತ್ತರ, ಒಂದೇ ಅಂತರ, ಬಾಚಣಿಗೆಯ ಹಲ್ಲಿನಂತೆ.

"ನಡದ್ರ ಹಿಂಗ ನಡೀಬೇಕ್ ನೋಡ್ರಿ ಅನಸೂಯಾ," ಎಂದರು ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ಇನಾಮದಾರ. ದಾನೇಶ್ವರಿಯ ಮೊಳಕಾಲಿನ ಕೆಳಗಿನ ಎಲುಬಿನಲ್ಲಿ ಕೀವು ತಿಂದ ತುಂಡನ್ನು ತೆಗೆದು ಹಂದರ ಕೂರಿಸಿದವರು ಅವರೇ. "ಸಿಪಾಯಿ ನಡದಂಗ ನಡೀತಾಳ ಹುಡುಗಿ."

"ಹೈಸ್ಕೂಲ್ ಹುಡುಗಿ ಇಷ್ಟು ಶಿಸ್ತಿಲೆ ನಡೀತಾಳಂದ್ರ ನನಗ ನಂಬಿಕೀನ ಬರೂದಿಲ್ಲ ಸರ್. ನಮ್ಮನ್ಯಾಗ ಒಂದೈತಿ, ಬಚ್ಚಲಕ್ಕ ಹೋಗಾಕೂ 'ಎತ್ಕೋ' ಅಂತೈತಿ."

"ಎತ್ಕೊಳ್ಳಾಕ ನೀವಿದ್ದೀರಲ್ಲ, ಅದಕ್ಕ ಅಂತೈತಿ."

ಅನಸೂಯಾ ನಕ್ಕಳು. ಆ ಚೆಂದದ ಗೆರೆ ಎಂದೋ ಒಂದೊಂದು ದಿನ ಪೂರಾ ಮಲಗಿರುತ್ತಿತ್ತು. ಪಟ್ಟಿ ಚಾರ್ಜಿಗೆ ಹಾಕಲು ಮರೆತಿರಬೇಕೆಂದು ಅವಳು ಬಿಟ್ಟುಬಿಟ್ಟಿದ್ದಳು. ಮಿಕ್ಕ ದಿನವೆಲ್ಲ ಹಸಿರಾಗಿರುವವಳಿಗೆ ಯಾರು ಫೋನು ಮಾಡುತ್ತಾರೆ? ಕೆಂಪಿನವರಿಗೇ ಹೊತ್ತು ಸಾಲುತ್ತಿರಲಿಲ್ಲ. ಹಸಿರು ಬರತೊಡಗಿದ ಮೇಲೆ ಒಮ್ಮೆ ಮಾತ್ರ ಮಾಡಿದ್ದಳು, ಶಹಬ್ಬಾಸ್ ಅನ್ನಲಿಕ್ಕೆ.

*

ಗುಳೇದಗುಡ್ಡದಲ್ಲಿ ದಾನೇಶ್ವರಿಯ ಅಪ್ಪ ಹುಚ್ಚೇಶಪ್ಪನ ಪಡಸಾಲೆಯಲ್ಲಿ ಕುಣಿಮಗ್ಗವಿತ್ತು. ನೆಲದಲ್ಲಿ ಒಂದು ಕುಣಿ. ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗಿಳಿಸಿ, ತಳದ ಹಲಗೆಗಳನ್ನು ಒತ್ತುತ್ತ, ಕೈಯಲ್ಲಿ ಲಾಳಿ ಆಡಿಸುತ್ತ ಕುಪ್ಪಸದ ಬಟ್ಟೆಯಾದ ಖಣ ನೇಯಬೇಕು. ಖಣದ ಹೂವೆಬ್ಬಿಸಲು ಎಳೆಗಳನ್ನು ಮೇಲೆತ್ತುವಾಗ ಹಲಗೆಯನ್ನು ಬಲವಾಗಿ ತುಳಿಯಬೇಕು. ಅವನ ಅಪ್ಪ ಕಡೆಗಾಲದಲ್ಲಿ ಮೊಳಕಾಲು ಚಾಚಲಾರದೆ ಮುದುಡಿಕೊಂಡೇ ಬದುಕಿದ್ದ. ಆ ಕಾಲುಗಳನ್ನು ನೋಡಿ ನೋಡಿ ಹುಚ್ಚೇಶಪ್ಪ ಹೆಂಡತಿ ಗಂಗವ್ವನಿಗೆ ಹೇಳಿಬಿಟ್ಟಿದ್ದ: "ಈ ಕುಣಿ ನನಗ ಕಡೀದು. ನನ್ನ ಮಗಳ ಕಾಲು ಇದರಾಗ ಇಳ್ಯಾಂಗಿಲ್ಲ."

ಹಂದರ ಹಾಕಿಸಿಕೊಂಡು ಬಂದ ಹೊಸದರಲ್ಲಿ ಗಂಗವ್ವ ಓಣಿಯವರ ಮುಂದೆ ನಗೆಯಾಡಿದಳು. "ಮದವಿಗಿಂತ ಮೊದಲ ಕಾಲಾಗ ಹಂದರ ಹಾಕಿಸ್ಕೊಂಡಾಳ ನಮ್ಮ ಮಗಳು." ಅದೂ ರೇಷ್ಮೆಯದೆಂದು ಕೇಳಿ ಹುಚ್ಚೇಶಪ್ಪನಿಗೂ ಧೈರ್ಯ ಬಂದಿತ್ತು. ರೇಷ್ಮೆ ಗೊತ್ತಿದ್ದ ವಸ್ತು. ಮೋಸ ಮಾಡುವುದಿಲ್ಲ.

ನಗೆ ಬಹಳ ದಿನ ಉಳಿಯಲಿಲ್ಲ. ವಾಕರ್ ಹಿಡಿದು ದಾನೇಶ್ವರಿ ಓಣಿಗೆ ಇಳಿದರೆ ಆ ತುದಿ ಮುಟ್ಟುವುದರೊಳಗೆ ಕುಪ್ಪಸ ಬೆವರಿನಲ್ಲಿ ತೊಯ್ದುಹೋಗುತ್ತಿತ್ತು. ಕಾಲೂರಿದಾಗ ಅವಳ ಬಾಯಿಂದ ಹೊರಡುತ್ತಿದ್ದ ಸದ್ದು ಮನುಷ್ಯರದಲ್ಲ ಅನ್ನಿಸುತ್ತಿತ್ತು. ಎದುರು ಮನೆಯ ಮುದುಕಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟಾದರೂ ಸಂಜೆಗೆ ಕೆಂಪು. ಕೇಂದ್ರದ ಫೋನು. "ನಾಳಿಂದ ಇನ್ನಷ್ಟು ನಡಸ್ರಿ. ಹಸಿರು ಬರಬೇಕು."

"ನನ್ನ ಕೈಲೆ ಆಗೂದಿಲ್ಲಬೇ ಯವ್ವಾ," ಎಂದು ಹುಡುಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಹುಚ್ಚೇಶಪ್ಪ ಲಾಳಿ ಕೆಳಗಿಟ್ಟು ಹೊರಗೆ ಹೋಗಿ ಹಾಳು ಗೋಡೆಯ ಮೇಲೆ ಕೂತುಬಿಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಹಾಗೆ ಕೂತು ಒಳಗೆ ಬಂದಾಗ ಮಗಳು ಕುಣಿಯ ಅಂಚಿನಲ್ಲಿ ಕೂತಿದ್ದಳು. ಕುಣಿಯ ತಂಪಿಗೆ ಕಾಲಿಳಿಸಿ, ಸುಮ್ಮನೆ ಆಟಕ್ಕೆಂಬಂತೆ ಹಲಗೆ ತುಳಿಯುತ್ತಿದ್ದಳು. ಚೌಕಟ್ಟು ತಾಗದಂತೆ ಕಾಲನ್ನು ಓರೆಯಾಗಿ ಚಾಚಿದ್ದಳು.

"ಏಳ ಅಲ್ಲಿಂದ! ಯಾರ ಹೇಳಿದ್ರು ನಿನಗ ಅದರಾಗ ಇಳೀ ಅಂತ?"

"ಅಪ್ಪಾ, ಇಲ್ಲಿ ನೋಯೂದಿಲ್ಲಪ," ಎಂದಳು ದಾನೇಶ್ವರಿ.

ಎಷ್ಟೋ ದಿನಗಳಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಅದು. ಅವನು ಬಾಗಿಲಿಗೆ ಒರಗಿ ನಿಂತೇ ಇದ್ದ. ಸಂಜೆ ಗಂಗವ್ವ ಮೊಬೈಲು ಹಿಡಿದು ಓಡಿಬಂದಳು. "ಹಸರ ಬಂತ್ ನೋಡ್ರಿ! ಹಸರ!"

ಮರುದಿನವೂ ಅವಳು ಕೂತಳು. ಅದರ ಮರುದಿನವೂ. ಬರಿ ಹಲಗೆ ತುಳಿಯುವುದು ಬೇಜಾರೆಂದು ಲಾಳಿ ಕೇಳಿದಳು. ಗಂಗವ್ವ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಕೊಡುತ್ತ, "ಅಜ್ಜನ ಕೈ ಬಂದೈತಿ ಇಕಿಗೆ," ಎಂದು ಹಿಗ್ಗಿದಳು. ಮಗಳ ಕೆನ್ನೆಗೆ ಬಣ್ಣ ತಿರುಗಿತು. ಊಟ ಹತ್ತಿತು. ಹುಚ್ಚೇಶಪ್ಪನ ಎದೆಯಲ್ಲಿ ಒಂದು ಮುಳ್ಳು ಇತ್ತು, ಆದರೆ ಅದು ತಾನು ಆಡಿದ ಮಾತು ಮುರಿದದ್ದಕ್ಕೆ, ಕಾಲಿನ ಬಗ್ಗೆ ಅಲ್ಲ. ಕಾಲಿನ ಬಗ್ಗೆ ಹೇಳಲು ಹಸಿರು ದೀಪವಿತ್ತು. ಕೇಂದ್ರದ ಮೇಡಂ ತಾವಾಗಿ ಫೋನು ಮಾಡಿ "ಶಹಬ್ಬಾಸ್ ಅಣ್ಣಾರ, ಹಿಂಗ ನಡಸ್ಕೊಂಡ ಹೋಗ್ರಿ," ಎಂದಿದ್ದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲೂ ಎಲುಬು ಮೇಲಿಂದ ಕೆಳಗೆ ಬೆಳ್ಳಗೆ ತುಂಬಿ ಕಂಡಿತ್ತು. ಇನ್ನೇನು ಬೇಕು?

*

ಅನಸೂಯಾಳ ಮನೆಯ ಬಚ್ಚಲ ಬಾಗಿಲಿನ ಚಿಲಕ ಕಿತ್ತು ಬಹಳ ದಿನವಾಗಿತ್ತು. ಮಗಳು ಮಿಂಚುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ರೊಟ್ಟಿ ಮಗುಚುತ್ತ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಅವಳು ಬಡಿಗೇರ ಮೌನೇಶನಿಗೆ ಮತ್ತೊಮ್ಮೆ ನೆನಪು ಮಾಡಿದಳು.

"ನಾಳೆ ಬಾರಪಾ ಮಾರಾಯ. ನಾಳೆ ನನಗ ಮಧ್ಯಾಹ್ನದ ಪಾಳಿ."

"ನಾಳೆ ಅಮಾಸಿರಿ ಅಕ್ಕಾರ. ಉಳಿ ಮುಟ್ಟಂಗಿಲ್ಲ. ನಾಡದ ಬರ್ತೀನ್ರಿ."

"ನಿಮ್ಮ ಅಮಾಸಿ ಒಂದು," ಎನ್ನುತ್ತ ಅವಳು ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. ನಾಳೆಯ ಮನೆಯಲ್ಲಿ ಕಪ್ಪು ಚುಕ್ಕೆ. ನಾಡಿದ್ದಿನ ಮನೆಯಲ್ಲಿ ಅವಳೇ ಬರೆದದ್ದು: ದಾನೇಶ್ವರಿ, ಚೌಕಟ್ಟು ತೆಗೆಯುವುದು. ಅವಳ ಕಣ್ಣು ಹಿಂದಿನ ತಿಂಗಳ ಕಪ್ಪು ಚುಕ್ಕೆಗೆ ಹೋಯಿತು. ಆ ವಾರ ಮಿಂಚುಗೆ ಜ್ವರ. ಮಗುವನ್ನು ಜ್ವರದಲ್ಲೇ ಬಿಟ್ಟು ಕೆಲಸಕ್ಕೆ ಹೋಗಿ ಕೂತಿದ್ದ ದಿನ ಆ ಚೆಂದದ ಗೆರೆ ಮಲಗಿದ್ದು ನೆನಪಾಯಿತು.

ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು.

"ಅವ್ವಾ, ಹೊತ್ತತು," ಎಂದಳು ಮಿಂಚು ಸೊಂಟದಿಂದ.

ಮಾರನೆಯ ದಿನ ಕೋಣೆಗೆ ಹೋದವಳೇ ಹಿಂದಿನ ತಿಂಗಳುಗಳನ್ನೆಲ್ಲ ಪರದೆಯ ಮೇಲೆ ತಂದಳು. ಗೆರೆ ಮಲಗಿದ್ದ ದಿನ ಒಂದೂ ತಪ್ಪಿಲ್ಲದೆ ಅಮಾವಾಸ್ಯೆ. ಇಂದೂ ಬೆಳಗಿನಿಂದ ಅದು ಮಲಗಿಯೇ ಇತ್ತು.

"ಉಪವಾಸ ಗಿಪವಾಸ ಇರಬೇಕು," ಎಂದರು ಇನಾಮದಾರ.

"ಉಪವಾಸ ಇದ್ದವರೂ ಬಚ್ಚಲಕ್ಕ ಹೋಗತಾರ ಸರ್. ಬಾಗಿಲತನಕ ಹೋಗತಾರ. ಇಲ್ಲಿ ಒಂದೂ ಇಲ್ಲ." ಅನಸೂಯಾ ಮಲಗಿದ ಗೆರೆಯ ಮೇಲೆ ಬೆರಳಿಟ್ಟಳು. "ನಡಿಗೆಗೆ ಅಮಾಸಿ ಇರೂದಿಲ್ಲ. ಕಸಬಿಗೆ ಇರತೈತಿ. ಆ ಹುಡುಗಿ ಅಪ್ಪ ನೇಕಾರ."

ಇನಾಮದಾರ ಬಾಚಣಿಗೆಯ ಹಲ್ಲಿನಂಥ ಗೆರೆಯನ್ನು ನೋಡುತ್ತ ನಿಂತರು. ಅದು ಅವರಿಗೂ ಈಗ ನಡಿಗೆಯಂತೆ ಕಾಣಲಿಲ್ಲ. ಅಷ್ಟು ಸಮನಾಗಿ ಯಾವ ಮನುಷ್ಯನೂ ನಡೆಯುವುದಿಲ್ಲ. ಕಲ್ಲು ಬರುತ್ತದೆ, ಹೊಸ್ತಿಲು ಬರುತ್ತದೆ, ಎದುರಿಗೆ ಗೆಳತಿ ಸಿಗುತ್ತಾಳೆ.

"ನಾಳೆ ಚೌಕಟ್ಟು ಬಿಚ್ಚೂಕಿಂತ ಮೊದಲ," ಎಂದರು ಕಡೆಗೆ, "ಬಗಲಿಂದ ಒಂದ್ ಎಕ್ಸ್‌ರೇ ತಗಿಸೂಣು."

*

ಅವರು ಬೆಳಗಿನ ಬಸ್ಸಿಗೆ ಬಂದರು. ಹುಚ್ಚೇಶಪ್ಪ ಮಗಳನ್ನು ಬಸ್‌ಸ್ಟ್ಯಾಂಡಿನಿಂದ ಆಟೋಕ್ಕೆ, ಆಟೋದಿಂದ ಬಾಗಿಲಿಗೆ ಎತ್ತಿಕೊಂಡೇ ತಂದಿದ್ದ. "ಇನ್ನೇನ್ರಿ, ಇವತ್ತಿಗೆ ಕಡೀ ಸಲ ಎತ್ಕೋತೀನಿ," ಎಂದು ಏದುಸಿರಿನಲ್ಲೇ ನಕ್ಕ. ದಾನೇಶ್ವರಿ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡಿದ್ದಳು. ಗಂಗವ್ವನ ಕೈಚೀಲದಲ್ಲಿ ಹೊಸ ಚಪ್ಪಲಿ, ಎರಡೂ ಕಾಲಿನವು.

ಹುಡುಗಿ ಒಂದು ಪೊಟ್ಟಣ ಬಿಚ್ಚಿ ಅನಸೂಯಾಳ ಕೈಗಿಟ್ಟಳು. ಕುಂಕುಮ ಬಣ್ಣದ ಖಣ, ಮೈತುಂಬ ಸಣ್ಣ ಸಣ್ಣ ಹೂವು.

"ಇದು ನಿಮಗ್ರಿ ಮೇಡಂ. ಕುಪ್ಪಸ ಹೊಲಸ್ಕೊಳ್ರಿ."

"ಆಕಿನ ನೇಯ್ದಾಳ್ರಿ," ಎಂದ ಹುಚ್ಚೇಶಪ್ಪ. ಆಮೇಲೆ ಯಾರೂ ಕೇಳದಿದ್ದರೂ, "ನಾ ಬ್ಯಾಡ ಅಂದಿದ್ನಿರಿ. ಆದರ ಮಗ್ಗದಾಗ ಕುಂತರ ಆಕಿಗೆ ನೋಯೂದಿಲ್ರಿ. ಹಸರೂ ಬರತಿತ್ತು."

ಅನಸೂಯಾ ಖಣವನ್ನು ಹಿಡಿದುಕೊಂಡೇ ನಿಂತಳು. ಒಂದೇ ಎತ್ತರ, ಒಂದೇ ಅಂತರ. ಈ ಹೂವುಗಳನ್ನು ಅವಳು ಪರದೆಯ ಮೇಲೆ ಎಷ್ಟೋ ದಿನ ನೋಡಿದ್ದಳು.

ಬಗಲಿನ ಎಕ್ಸ್‌ರೇ ಬಂತು. ಹಳೆಯ ಎಲುಬಿನ ಎರಡು ತುಂಡುಗಳ ನಡುವೆ, ಹಿಂಬದಿಯ ಅಂಚಿಗೆ ಮಾತ್ರ, ಬಿದಿಗೆ ಚಂದ್ರನಂಥ ತೆಳು ಕಮಾನು. ಮುಂದಿನಿಂದ ನೋಡಿದಾಗ ತುಂಬಿದಂತೆ ಕಂಡದ್ದು ಅದರ ಬೆನ್ನು. ಅದರ ಮುಂದೆಲ್ಲ ಖಾಲಿ. ಒತ್ತಡ ಬೀಳದ ಆ ಭಾಗದ ಹಂದರ ಎಂದೋ ಕರಗಿತ್ತು.

ಇನಾಮದಾರ ಕುರ್ಚಿಯನ್ನು ಹುಡುಗಿಯ ಹತ್ತಿರ ಎಳೆದುಕೊಂಡು ಕೂತು ಹೇಳಿದರು. ಕಾಲನ್ನು ಚಾಚಿ ಹಲಗೆ ಒತ್ತಿದಾಗ ಭಾರ ಮೇಲಿಂದ ಬೀಳುವುದಿಲ್ಲ, ಎಲುಬು ಒಂದು ಬದಿಗೆ ಬಾಗುತ್ತದೆ. ಬಾಗಿದ ಬದಿಗೇ ಹಂದರ ಎಲುಬು ಕಟ್ಟಿದೆ. "ಹಲಗಿ ಒತ್ತಾಕ ಈ ಎಲುಬು ಭಾಳ ಗಟ್ಟಿ ಐತವ್ವಾ. ಆದರ ಎದ್ದು ನಿಂತರ ಮುರೀತೈತಿ."

ಗಂಗವ್ವ ಚಪ್ಪಲಿಯ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

"ನಡೀರಿ ಅಂತ ಹೇಳಿದ್ದಿವಿ," ಎಂದರು ಇನಾಮದಾರ, ಯಾರನ್ನೂ ನೋಡದೆ.

"ಹಸಿರು ಬರಬೇಕು ಅಂತ ಹೇಳಿದ್ದಿವಿ ಸರ್," ಎಂದಳು ಅನಸೂಯಾ.

ಇನ್ನೊಂದು ದಾರಿ ಇತ್ತು. ಬೆಳೆದದ್ದನ್ನು ಕತ್ತರಿಸಿ ತೆಗೆದು, ಮತ್ತೆ ಮಜ್ಜೆ ತೆಗೆದು, ಹೊಸ ಹಂದರ ಕೂರಿಸುವುದು. ಈ ಸಲ ಮೊದಲ ದಿನದಿಂದ ನಡೆಯಬೇಕು, ಮೊದಲಿಗಿಂತ ಹೆಚ್ಚು, ಮೊದಲಿಗಿಂತ ಹೆಚ್ಚು ನೋವಿನಲ್ಲಿ. ಪಟ್ಟಿ ಆಗಿಂದಾಗ್ಗೆ ಸುದ್ದಿ ಕಳಿಸುತ್ತಿರುತ್ತದೆ. ಹಂದರ ಕರಗುವುದರೊಳಗೆ ಎಲುಬು ತುಂಬದಿದ್ದರೆ, ಮೂರನೆಯ ಸಲ ಎಂಬುದಿಲ್ಲ.

"ಬ್ಯಾಡ್ರಿ," ಎಂದಳು ದಾನೇಶ್ವರಿ ತಟ್ಟನೆ. "ಮಗ್ಗಕ್ಕ ಗಟ್ಟಿ ಐತಿ ಅಂದ್ರಲ್ಲ. ಇರ್ಲಿ ಬಿಡ್ರಿ. ನಾ ಕುಂತ ನೇಯ್ತೀನಿ. ನನಗ ನೇಯಾಕ ಬರತೈತಿ. ಅಪ್ಪಾ, ಹೇಳಪ. ಮತ್ತ ಕೊಯ್ಯೂದ ಬ್ಯಾಡಪ."

ಹುಚ್ಚೇಶಪ್ಪ ಗೋಡೆ ಹಿಡಿದು ನಿಂತಿದ್ದ. ಮಗಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಕೈಯ ಖಣಕ್ಕೆ ಊರಲ್ಲಿ ಯಾರೂ ಕುಂದು ಹೇಳುವಂತಿರಲಿಲ್ಲ. ಬೇಡ ಅಂದುಬಿಟ್ಟರೆ ಇವತ್ತೇ ಊರಿಗೆ ಹೋಗಬಹುದು, ಅವಳು ಉಣ್ಣುತ್ತಾಳೆ, ನಗುತ್ತಾಳೆ. ಸಾಯುವತನಕ ಯಾರಾದರೂ ಅವಳನ್ನು ಎತ್ತಿ ಆ ಕುಣಿಯ ಅಂಚಿಗೆ ಕೂರಿಸಬೇಕು, ಎತ್ತಿ ಹಾಸಿಗೆಗೆ ಒಯ್ಯಬೇಕು.

"ಕೊಯ್ರಿ ಸಾಹೇಬ್ರ," ಎಂದ.

ಹುಡುಗಿ ಆಮೇಲೆ ಬಹಳ ದಿನ ಅವನ ಜೊತೆ ಮಾತಾಡಲಿಲ್ಲ.

*

ಆಪರೇಶನ್ ಆಗಿ ಮಗಳು ಇನ್ನೂ ಆಸ್ಪತ್ರೆಯಲ್ಲಿದ್ದಾಗ ಹುಚ್ಚೇಶಪ್ಪ ಒಬ್ಬನೇ ಊರಿಗೆ ಹೋಗಿ ಮಗ್ಗ ಬಿಚ್ಚಿದ. ಅರ್ಧ ನೇಯ್ದ ಹಾಸನ್ನು ಸುತ್ತಿ ಅಟ್ಟಕ್ಕಿಟ್ಟ. ಹಲಗೆಗಳನ್ನು ಹೊರಗೆ ತೆಗೆದ. ಅವುಗಳ ನಡು ಭಾಗ ಅಪ್ಪನ, ಅಜ್ಜನ ಅಂಗಾಲಿಗೆ ಸವೆದು ತಗ್ಗಾಗಿತ್ತು, ಅವನದಕ್ಕೂ. ಊರ ಹೊರಗಿನಿಂದ ಕೆಮ್ಮಣ್ಣು ತರಿಸಿ ಕುಣಿಯನ್ನು ತುಂಬಿದ. ನೀರು ಚಿಮುಕಿಸಿ, ಬರಿಗಾಲಲ್ಲಿ ತುಳಿತುಳಿದು ಗಟ್ಟಿ ಮಾಡಿದ. ಗಂಗವ್ವ ಆಮೇಲೆ ಅದರ ಮೇಲೆ ಸಗಣಿ ಸಾರಿಸಿದಳು. ಆದರೂ ಆ ಚೌಕ ಸುತ್ತಲಿನ ನೆಲಕ್ಕಿಂತ ಮೆತ್ತಗಿದ್ದು ಬೇರೆಯೇ ಕಾಣುತ್ತಿತ್ತು, ಹೊಸದಾಗಿ ಏನನ್ನೋ ಹೂತಂತೆ. ಅವನು ಈಗ ಊರ ಹೊರಗಿನ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋಗುತ್ತಾನೆ. ಅಲ್ಲಿ ನಿಂತು ದುಡಿಯಬೇಕು. ಸಂಜೆಗೆ ಅವನ ಮೊಳಕಾಲೂ ಮಾತು ಕೇಳುವುದಿಲ್ಲ.

ಅನಸೂಯಾಳ ಪರದೆಯ ಮೇಲೆ ದಾನೇಶ್ವರಿಯ ಗೆರೆಗೆ ಈಗ ಚೆಂದವಿಲ್ಲ. ಒಂದು ಎತ್ತರ, ಒಂದು ಕುಳ್ಳು, ನಡುವೆ ಉದ್ದನೆಯ ಬಯಲು, ಮತ್ತೆ ಎರಡು ಒಟ್ಟೊಟ್ಟಿಗೆ, ಎಡವಿದಂತೆ. ಪ್ರತಿಯೊಂದೂ ಒಂದು ಹೆಜ್ಜೆ ಎಂದು ಅವಳಿಗೆ ಗೊತ್ತು. ಪ್ರತಿಯೊಂದಕ್ಕೂ ಒಂದು ಚೀರು ಇದೆ ಎಂದೂ ಗೊತ್ತು. ಹೆಚ್ಚಿನ ದಿನ ಕೆಂಪೇ. ಹಂದರ ಕರಗುವ ಲೆಕ್ಕದ ಇನ್ನೊಂದು ಗೆರೆ ಪಕ್ಕದಲ್ಲೇ ಇಳಿಯುತ್ತಿರುತ್ತದೆ. ಅದು ಎಡವುವುದಿಲ್ಲ. ಎರಡರಲ್ಲಿ ಯಾವುದು ಗೆಲ್ಲುತ್ತದೋ ಇನಾಮದಾರರೂ ಹೇಳಲಾರರು.

ಬೆಳಿಗ್ಗೆ ಮಿಂಚು ಮೆಟ್ಟಿಲ ಬುಡದಲ್ಲಿ ನಿಂತು ಎರಡೂ ಕೈ ಮೇಲೆತ್ತಿದ್ದಳು. ಅನಸೂಯಾ ಎತ್ತಿಕೊಳ್ಳಲಿಲ್ಲ. ಮಗು ಅಳುತ್ತ ಒಂದೊಂದೇ ಮೆಟ್ಟಿಲು ಹತ್ತಿತು. ಅದರಿಂದ ಯಾರಿಗೇನು ಸಿಕ್ಕಿತೋ ಅವಳಿಗೆ ತಿಳಿಯಲಿಲ್ಲ. ಕೆಲಸಕ್ಕೆ ಬರುವ ದಾರಿಯುದ್ದಕ್ಕೂ ಸೊಂಟ ಖಾಲಿ ಖಾಲಿ ಅನ್ನಿಸಿತು.

ಮಧ್ಯಾಹ್ನ ತಿರುಗಿದರೂ ಗೆರೆ ಏಳಲಿಲ್ಲ. ಅವಳು ಗೋಡೆಯ ಕ್ಯಾಲೆಂಡರು ನೋಡಿದಳು. ನೋಡಬೇಕಾಗಿರಲಿಲ್ಲ. ಫೋನು ಎತ್ತಿಕೊಂಡಳು.

"ಹೇಳ್ರಿ ಅಕ್ಕಾರ." ಹುಚ್ಚೇಶಪ್ಪ ಇವತ್ತು ಮನೆಯಲ್ಲೇ ಇದ್ದ.

"ಬೆಳಿಗ್ಗಿಂದ ಏನೂ ಬಂದಿಲ್ಲ ಅಣ್ಣಾರ."

"ಹೌದ್ರಿ." ಅವನು ದನಿ ತಗ್ಗಿಸಿದ. "ರಾತ್ರಿಯೆಲ್ಲ ಮಲಗಿಲ್ರಿ. ಈಗ ಕಣ್ಣು ಹತ್ಯಾವ. ಇವತ್ತ ಅಮಾಸಿ. ಶೆಡ್ಡಿನ ಮಶೀನಿಗೂ ರಜಾ ಐತಿ. ಇವತ್ತೊಂದಿನರ ಬಿಡ್ರಿ ಆಕಿನ್ನ."

ಅನಸೂಯಾ ಪರದೆ ನೋಡಿದಳು. ಒಂದು ಗೆರೆ ಮಲಗಿತ್ತು. ಇನ್ನೊಂದು ಇಳಿಯುತ್ತಿತ್ತು. ಬಿಡೋಣ ಅಣ್ಣಾರ ಎಂದುಬಿಡಬಹುದಿತ್ತು. ಅವಳ ಮೈಮೇಲೆ ಆ ಕುಂಕುಮ ಬಣ್ಣದ ಕುಪ್ಪಸವೇ ಇತ್ತು.

"ಹಂದರಕ್ಕ ಅಮಾಸಿ ಇಲ್ಲ ಅಣ್ಣಾರ," ಎಂದಳು.

ಆ ಕಡೆ ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ಬಂದ್ ಮಾಡುವುದನ್ನು ಮರೆತನೋ, ಕೇಳಿಸಿಕೊಳ್ಳಲಿ ಎಂದು ಬಿಟ್ಟನೋ. ಗಂಗವ್ವ ಏನೋ ಅಂದಳು. ಹಾಸಿಗೆ ಸರಿದ ಸದ್ದು. ನಿದ್ದೆಗಣ್ಣಿನ ಸಣ್ಣ ಅಳು, "ಬ್ಯಾಡಪ, ಬ್ಯಾಡಪ" ಎಂದು. ವಾಕರ್ ಕಾಲು ನೆಲಕ್ಕೆ ತಾಗಿದ್ದು.

"ಏಳವ್ವಾ," ಎಂದ ಹುಚ್ಚೇಶಪ್ಪ. "ಏಳ ನನ್ನವ್ವಾ. ಇಲ್ಲಿ, ಈ ಮಣ್ಣಿನ ಮ್ಯಾಲ ಇಡು. ಇಲ್ಲಿ ಮೆತ್ತಗ ಐತಿ."

ಆಮೇಲೆ ಆ ಚೀರು ಕೇಳಿಸಿತು. ಪರದೆಯ ಮೇಲೆ ಮಲಗಿದ್ದ ಗೆರೆಯಲ್ಲಿ ಒಂದು ಮುಳ್ಳು ಎದ್ದಿತು. ಅನಸೂಯಾ ಫೋನನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದಕ್ಕೆ ಕಾಯುತ್ತ ಕೂತಳು.